ಹಸಿವು ಮತ್ತು ಬೊಜ್ಜು: ಒಂದೇ ಬಳ್ಳಿಯ ಎರಡು ಕಾಯಿಗಳು

‘ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ’ ಎಂಬ ಗಾದೆ ನಮಗೆಲ್ಲ ಗೊತ್ತು. ಜಗತ್ತಿನ ಹಸಿವಿನ ಮಾತು ಬಂದಾಗ ನಮ್ಮ ಮನಸ್ಸಿನಲ್ಲಿ ಮೂಡುವ ಚಿತ್ರವೂ ಹೆಚ್ಚು ಕಡಿಮೆ ಹೀಗೆಯೇ ಇರುತ್ತದೆ. ಒಂದು ಕಡೆ ಆಫ್ರಿಕಾದ ಯಾವುದೋ ನಿರಾಶ್ರಿತರ ಶಿಬಿರದಲ್ಲಿ ಎಲುಬು ಎಣಿಸಬಹುದಾದ ಮಗು. ಇನ್ನೊಂದು ಕಡೆ ಅಮೆರಿಕದ ಯಾವುದೋ ನಗರದಲ್ಲಿ ಬರ್ಗರ್ ತಿಂದು ಕುರ್ಚಿಯಿಂದ ಏಳಲು ಕಷ್ಟಪಡುವ ಮನುಷ್ಯ. ಹಸಿವು ಬಡವರ ಕಷ್ಟ, ಬೊಜ್ಜು ಶ್ರೀಮಂತರ ಬಾಯಿಚಪಲ ಎಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಒಬ್ಬನ ತಟ್ಟೆಯಿಂದ ಸ್ವಲ್ಪ ತೆಗೆದು ಇನ್ನೊಬ್ಬನ ತಟ್ಟೆಗೆ ಹಾಕಿದರೆ ಎರಡೂ ಸಮಸ್ಯೆ ಒಟ್ಟಿಗೆ ತೀರಿತಲ್ಲ ಎಂದೂ ಅನ್ನಿಸುತ್ತದೆ.

ಈ ಚಿತ್ರ ಪೂರ್ತಿ ಸುಳ್ಳಲ್ಲ, ಆದರೆ ಹಳೆಯದು. ಇಂದು ಹಸಿವು ಮತ್ತು ಬೊಜ್ಜು ಒಂದೇ ದೇಶದಲ್ಲಿವೆ, ಒಂದೇ ಬೀದಿಯಲ್ಲಿವೆ, ಎಷ್ಟೋ ಸಲ ಒಂದೇ ಮನೆಯಲ್ಲಿವೆ. ಅದಕ್ಕಿಂತಲೂ ಆಶ್ಚರ್ಯದ ಸಂಗತಿಯೆಂದರೆ, ಇವೆರಡೂ ಒಂದೇ ದೇಹದಲ್ಲಿಯೂ ಇರಬಲ್ಲವು. ತಾಯಿಯ ಗರ್ಭದಲ್ಲಿ ಹಸಿದಿದ್ದ ಮಗುವೇ ನಲವತ್ತರ ವಯಸ್ಸಿನಲ್ಲಿ ಹೊಟ್ಟೆ ಬಂದು, ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿರಬಹುದು. ಇದು ಹೇಗೆ ಸಾಧ್ಯ ಎಂಬುದನ್ನು ಈ ಲೇಖನದಲ್ಲಿ ಸ್ವಲ್ಪ ವಿವರವಾಗಿ ನೋಡೋಣ.

ಅಂಕಿ ಅಂಶಗಳು ಏನು ಹೇಳುತ್ತವೆ?

2000ನೇ ಇಸವಿಯಲ್ಲಿ ವಾಷಿಂಗ್ಟನ್ನಿನ ವರ್ಲ್ಡ್‌ವಾಚ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಒಂದು ವರದಿ ಪ್ರಕಟಿಸಿತ್ತು. ಜಗತ್ತಿನಲ್ಲಿ ಸಾಕಷ್ಟು ಊಟವಿಲ್ಲದವರು ಸುಮಾರು 110 ಕೋಟಿ, ಅತಿ ತೂಕದವರೂ ಸುಮಾರು 110 ಕೋಟಿ ಎಂದು ಅದು ಹೇಳಿದಾಗ ಅನೇಕರು ಹುಬ್ಬೇರಿಸಿದ್ದರು. ತಕ್ಕಡಿಯ ಎರಡು ತಟ್ಟೆಗಳೂ ಅಂದು ಸಮನಾಗಿದ್ದವು.

ಇಂದು ಆ ತಕ್ಕಡಿ ಒಂದು ಕಡೆಗೆ ವಾಲಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದ ಪ್ರಕಾರ 2022ರಲ್ಲಿ ಜಗತ್ತಿನ ಸುಮಾರು 250 ಕೋಟಿ ವಯಸ್ಕರು ಅತಿ ತೂಕದವರಾಗಿದ್ದರು. ಅವರಲ್ಲಿ 89 ಕೋಟಿ ಮಂದಿಯದು ಬೊಜ್ಜು ಎಂದೇ ಕರೆಯಬೇಕಾದ ಸ್ಥಿತಿ. ಹಾಗಾದರೆ ಹಸಿವು ಹೋಯಿತೇ? ಇಲ್ಲ. ವಿಶ್ವಸಂಸ್ಥೆಯ ಐದು ಸಂಸ್ಥೆಗಳು ಸೇರಿ 2025ರಲ್ಲಿ ಹೊರತಂದ ವರದಿಯ ಪ್ರಕಾರ 2024ರಲ್ಲಿ ಸುಮಾರು 67 ಕೋಟಿ ಜನ, ಅಂದರೆ ನೂರಕ್ಕೆ ಎಂಟು ಮಂದಿ, ಹಸಿವಿನಲ್ಲಿದ್ದರು. ಆಫ್ರಿಕಾ ಖಂಡದಲ್ಲಂತೂ ಐವರಲ್ಲಿ ಒಬ್ಬರಿಗೆ ಈ ಪಾಡು. ಐದು ವರ್ಷದೊಳಗಿನ ಸುಮಾರು 15 ಕೋಟಿ ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ.

ಮಕ್ಕಳ ವಿಷಯದಲ್ಲಿ ಇನ್ನೊಂದು ತಿರುವು ಬಂದಿದೆ. 5ರಿಂದ 19 ವರ್ಷದ ಮಕ್ಕಳಲ್ಲಿ ಬೊಜ್ಜಿನವರ ಪ್ರಮಾಣ ಕಡಿಮೆ ತೂಕದವರ ಪ್ರಮಾಣವನ್ನು ಮೊದಲ ಬಾರಿಗೆ ದಾಟಿದೆ ಎಂದು ಯುನಿಸೆಫ್ 2025ರ ಸೆಪ್ಟೆಂಬರಿನಲ್ಲಿ ತಿಳಿಸಿತು. ಬೊಜ್ಜಿನವರು ಶೇ. 9.4, ಕಡಿಮೆ ತೂಕದವರು ಶೇ. 9.2. 2000ದಲ್ಲಿ ಬೊಜ್ಜಿನ ಮಕ್ಕಳು ಶೇ. 3ರಷ್ಟೇ ಇದ್ದರು. ಈ ಮಾತು ಅನ್ವಯಿಸದ ಎರಡು ಪ್ರದೇಶಗಳು ಜಗತ್ತಿನಲ್ಲಿ ಉಳಿದಿವೆ: ಸಹರಾ ಮರುಭೂಮಿಯ ದಕ್ಷಿಣದ ಆಫ್ರಿಕಾ ಮತ್ತು ನಮ್ಮ ದಕ್ಷಿಣ ಏಷ್ಯಾ. ಇಲ್ಲಿ ಇಂದಿಗೂ ಬೊಜ್ಜಿನ ಮಕ್ಕಳಿಗಿಂತ ಬಡಕಲು ಮಕ್ಕಳೇ ಹೆಚ್ಚು. ಆದರೆ ಬೊಜ್ಜು ಇಲ್ಲಿಯೂ ಏರುತ್ತಲೇ ಇದೆ.

ಹಸಿವೆಂದರೆ ಯಾವ ಹಸಿವು?

ಮುಂದೆ ಹೋಗುವ ಮೊದಲು ಮಾತುಗಳ ಅರ್ಥ ತಿಳಿದುಕೊಳ್ಳೋಣ. ಹಸಿವಿನಲ್ಲಿ ಎರಡು ಬಗೆ. ಮೊದಲನೆಯದು ನಮಗೆಲ್ಲ ಗೊತ್ತಿರುವ ಹೊಟ್ಟೆಯ ಹಸಿವು, ಅಂದರೆ ದೇಹಕ್ಕೆ ಬೇಕಾದಷ್ಟು ಶಕ್ತಿ ಸಿಗದಿರುವುದು. ಎರಡನೆಯದು ಅಡಗಿರುವ ಹಸಿವು. ಹೊಟ್ಟೆ ತುಂಬಿದೆ, ಆದರೆ ಕಬ್ಬಿಣ, ಅಯೋಡಿನ್, ಸತು, ವಿಟಮಿನ್ ‘ಎ’, ಒಳ್ಳೆಯ ಪ್ರೋಟೀನ್ ಇವು ಸಾಕಷ್ಟು ಸಿಕ್ಕಿಲ್ಲ. ಬರೀ ಅನ್ನ, ತಿಳಿ ಸಾರು ಉಂಡವನಿಗೆ ಹಸಿವಾಗುವುದಿಲ್ಲ. ಆದರೆ ಅವನ ರಕ್ತ, ಎಲುಬು, ಮೆದುಳು ಹಸಿದೇ ಇರುತ್ತವೆ.

ಇನ್ನು ಬೊಜ್ಜು. ಕಿಲೋದಲ್ಲಿರುವ ತೂಕವನ್ನು, ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಸಿಗುವ ಸಂಖ್ಯೆಗೆ ‘ಬಿಎಂಐ’ ಎನ್ನುತ್ತಾರೆ. ಅದು 25 ದಾಟಿದರೆ ಅತಿ ತೂಕ, 30 ದಾಟಿದರೆ ಬೊಜ್ಜು ಎಂಬುದು ಜಗತ್ತಿನಲ್ಲಿ ಬಳಕೆಯಲ್ಲಿರುವ ಅಳತೆ. ಆದರೆ ಭಾರತೀಯರಿಗೆ ಕಡಿಮೆ ತೂಕದಲ್ಲೇ ಕಾಯಿಲೆಗಳು ಬರುವುದರಿಂದ ನಮ್ಮ ವೈದ್ಯರು 23ಕ್ಕೇ ಎಚ್ಚರಿಕೆಯ ಗಂಟೆ ಬಾರಿಸುತ್ತಾರೆ, 25ಕ್ಕೆ ಬೊಜ್ಜು ಎನ್ನುತ್ತಾರೆ. 160 ಸೆಂಟಿಮೀಟರ್ ಎತ್ತರದ ಮಹಿಳೆ 65 ಕಿಲೋ ತೂಗಿದರೆ ಅವರ ಬಿಎಂಐ 25 ದಾಟಿತು. ‘ಮೈ ಕೈ ತುಂಬಿಕೊಂಡಿದ್ದಾಳೆ’ ಎಂದು ನಾವು ಮೆಚ್ಚುವ ಗಾತ್ರವೇ ಅದು!

ಭಾರತೀಯರಿಗೆ ಈ ಕಡಿಮೆ ಅಳತೆ ಏಕೆ? ಇದರ ಉತ್ತರ ಮೈಸೂರಿನಲ್ಲಿದೆ. ಅಲ್ಲಿಗೆ ಹೋಗುವ ಮೊದಲು ಇನ್ನೊಂದು ಪ್ರಶ್ನೆಗೆ ಉತ್ತರ ಹುಡುಕೋಣ.

ಜಗತ್ತಿನಲ್ಲಿ ಆಹಾರ ಸಾಲದೇ?

ಸಾಲುತ್ತದೆ. ಭೂಮಿಯ ಮೇಲಿರುವ ಎಲ್ಲರ ಹೊಟ್ಟೆ ತುಂಬುವಷ್ಟು ಧಾನ್ಯ ಬೆಳೆಯುತ್ತಿದೆ. 2022ರಲ್ಲಿ ಮನೆ, ಹೋಟೆಲು ಮತ್ತು ಅಂಗಡಿಗಳಲ್ಲಿ ಒಟ್ಟು 105 ಕೋಟಿ ಟನ್ ಆಹಾರ ಹಾಳಾಯಿತೆಂದು ವಿಶ್ವಸಂಸ್ಥೆಯ ಪರಿಸರ ವಿಭಾಗ ಲೆಕ್ಕ ಹಾಕಿದೆ. ಬಳಕೆದಾರರ ಕೈಗೆ ಬಂದ ಆಹಾರದ ಸುಮಾರು ಐದನೇ ಒಂದು ಪಾಲು ಅದು. ಹೆಚ್ಚು ಹಾಳಾದದ್ದು ಹೋಟೆಲುಗಳಲ್ಲಿ ಎಂದುಕೊಂಡರೆ ತಪ್ಪು. ಇದರಲ್ಲಿ ಶೇ. 60ರಷ್ಟು ಹಾಳಾದದ್ದು ನಮ್ಮ ನಿಮ್ಮಂಥವರ ಮನೆಗಳಲ್ಲಿ.

ಹಾಗಿದ್ದರೂ ಜನ ಹಸಿಯುವುದು ಏಕೆ? ಈ ಪ್ರಶ್ನೆಗೆ ಸ್ಪಷ್ಟ ಉತ್ತರ ಕೊಟ್ಟವರಲ್ಲಿ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಪ್ರಮುಖರು. 1943ರ ಬಂಗಾಳದ ಕ್ಷಾಮವನ್ನು ಅವರು ಬಾಲಕನಾಗಿದ್ದಾಗ ಕಣ್ಣಾರೆ ಕಂಡಿದ್ದರು. ಸುಮಾರು 30 ಲಕ್ಷ ಜನ ಸತ್ತ ಆ ವರ್ಷ ಬಂಗಾಳದಲ್ಲಿ ಅಕ್ಕಿ ತೀರಾ ಇಲ್ಲದೆ ಹೋಗಿರಲಿಲ್ಲ. 1941ರಲ್ಲಿ ಇದ್ದುದಕ್ಕಿಂತ ಹೆಚ್ಚೇ ಇತ್ತು ಎಂದು 1981ರ ತಮ್ಮ ಗ್ರಂಥದಲ್ಲಿ ಅವರು ತೋರಿಸಿದರು. ಯುದ್ಧದ ಕಾಲದಲ್ಲಿ ಅಕ್ಕಿಯ ಬೆಲೆ ಗಗನಕ್ಕೇರಿತು, ಕೂಲಿ ಏರಲಿಲ್ಲ. ಸತ್ತವರಲ್ಲಿ ಹೊಲದ ಕೂಲಿಗಳು, ಮೀನುಗಾರರೇ ಬಹಳ. ಬಲೆ ಇತ್ತು, ನದಿಯಲ್ಲಿ ಮೀನಿತ್ತು; ಆದರೆ ಒಂದು ಬುಟ್ಟಿ ಮೀನು ಕೊಟ್ಟರೂ ಒಂದು ಸೇರು ಅಕ್ಕಿ ಕೊಡುವವರಿರಲಿಲ್ಲ. ಹಸಿವೆಂದರೆ ಆಹಾರ ಇಲ್ಲದಿರುವುದಲ್ಲ, ಇರುವ ಆಹಾರ ಕೈಗೆಟುಕದಿರುವುದು.

ಇಂದಿನ ಕ್ಷಾಮಗಳೂ ಇದೇ ಮಾತು ಹೇಳುತ್ತವೆ. 2024ರ ಆಗಸ್ಟಿನಲ್ಲಿ ಸುಡಾನಿನ ಜಮ್‌ಜಮ್ ಶಿಬಿರದಲ್ಲಿ, 2025ರ ಆಗಸ್ಟಿನಲ್ಲಿ ಗಾಜಾದಲ್ಲಿ ಕ್ಷಾಮವಿದೆ ಎಂದು ಅಂತಾರಾಷ್ಟ್ರೀಯ ತಜ್ಞರು ಘೋಷಿಸಿದರು. ಎರಡೂ ಕಡೆ ಮಳೆ ಕೈಕೊಟ್ಟದ್ದು ಕಾರಣವಲ್ಲ. ಬಂದೂಕು ಹಿಡಿದವರು ದಾರಿ ಮುಚ್ಚಿದ್ದರು.

ಯುದ್ಧವಿಲ್ಲದ ಕಡೆ ದಾರಿ ಮುಚ್ಚುವುದು ಬೆಲೆ. 2024ರಲ್ಲಿ ಜಗತ್ತಿನ 260 ಕೋಟಿ ಜನರಿಗೆ ಆರೋಗ್ಯಕರ ಊಟ ಕೊಳ್ಳುವ ಶಕ್ತಿ ಇರಲಿಲ್ಲ. ಇಲ್ಲಿ ‘ಆರೋಗ್ಯಕರ’ ಎಂಬ ಮಾತನ್ನು ಗಮನಿಸಬೇಕು. ಇವರೆಲ್ಲ ಉಪವಾಸ ಮಲಗುವವರಲ್ಲ. ಇವರು ಏನನ್ನೋ ತಿಂದು ಮಲಗುತ್ತಾರೆ. ಆ ‘ಏನನ್ನೋ’ ಎಂಬಲ್ಲಿಯೇ ಹಸಿವಿನ ದಾರಿ ಬೊಜ್ಜಿನ ಕಡೆಗೆ ತಿರುಗುತ್ತದೆ.

ಮೀನಿನ ನಡುವೆ ಡಬ್ಬಿ ಮಾಂಸ

ಜಗತ್ತಿನಲ್ಲಿ ಅತಿ ಹೆಚ್ಚು ಬೊಜ್ಜು ಇರುವುದು ಎಲ್ಲಿ? ಅಮೆರಿಕದಲ್ಲಿ ಎಂದರೆ ತಪ್ಪು. ಪೆಸಿಫಿಕ್ ಸಾಗರದ ಟೋಂಗಾ, ನೌರು, ಅಮೆರಿಕನ್ ಸಮೋವಾ ಎಂಬ ಪುಟ್ಟ ದ್ವೀಪಗಳಲ್ಲಿ! 2022ರಲ್ಲಿ ಇಲ್ಲಿ ನೂರು ವಯಸ್ಕರಲ್ಲಿ ಅರುವತ್ತಕ್ಕೂ ಹೆಚ್ಚು ಮಂದಿಗೆ ಬೊಜ್ಜಿತ್ತು. ಕಡಲ ತೀರದವರಾದ ನಮಗೆ ಈ ದ್ವೀಪಗಳ ಕತೆ ಬೇಗ ಅರ್ಥವಾದೀತು. ಇವರ ಹಿರಿಯರು ಮೀನು, ತೆಂಗಿನಕಾಯಿ, ಕೆಸುವಿನ ಗೆಡ್ಡೆ ತಿಂದು ಗಟ್ಟಿಮುಟ್ಟಾಗಿದ್ದವರು.

ನೌರು ದ್ವೀಪದ ನೆಲದಲ್ಲಿ ರಂಜಕದ ಅದಿರಿತ್ತು. ಹೊರಗಿನ ಹೊಲಗಳಿಗೆ ಗೊಬ್ಬರವಾಗಲೆಂದು ಅದನ್ನು ಅಗೆದಗೆದು ಸಾಗಿಸಲಾಯಿತು. ಸ್ವಲ್ಪ ಕಾಲ ದುಡ್ಡು ಹರಿದುಬಂತು. ಆದರೆ ಅಗೆದ ನೆಲದಲ್ಲಿ ಏನೂ ಬೆಳೆಯದಾಯಿತು. ಊಟ ಹಡಗಿನಲ್ಲಿ ಬರತೊಡಗಿತು: ಬಿಳಿ ಅಕ್ಕಿ, ಸಕ್ಕರೆ, ಹಿಟ್ಟು, ಡಬ್ಬಿ ಮಾಂಸ. ನ್ಯೂಜಿಲೆಂಡಿನವರು ತಾವು ತಿನ್ನದ ಕುರಿಯ ಹೊಟ್ಟೆಭಾಗದ ಕೊಬ್ಬಿನ ಮಾಂಸವನ್ನು, ಅಮೆರಿಕದವರು ತಾವು ತಿನ್ನದ ಟರ್ಕಿ ಕೋಳಿಯ ಬಾಲವನ್ನು ಈ ಭಾಗದ ದ್ವೀಪಗಳಿಗೆ ಅಗ್ಗದ ಬೆಲೆಗೆ ಕಳುಹಿಸಿದರು. ಸಮೋವಾ ದೇಶ 2007ರಲ್ಲಿ ಟರ್ಕಿ ಬಾಲದ ಆಮದನ್ನು ನಿಷೇಧಿಸಿತು. ಆದರೆ 2012ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯತ್ವ ಪಡೆಯುವಾಗ ಆ ನಿಷೇಧವನ್ನು ಬಿಟ್ಟುಕೊಡಬೇಕಾಯಿತು. ಹೀಗಿರುವಾಗ ಆ ದ್ವೀಪದ ಜನ ದಪ್ಪಗಾದರೆ ಅವರನ್ನು ಹೊಟ್ಟೆಬಾಕರೆಂದು ಜರೆಯುವುದು ನ್ಯಾಯವೇ?

ಮೆಕ್ಸಿಕೋದಲ್ಲಿಯೂ ಇಂಥದೇ ಕತೆ. 1994ರ ಜನವರಿಯಲ್ಲಿ ಅಮೆರಿಕ, ಕೆನಡಾಗಳ ಜತೆ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದ ಮೇಲೆ ತಂಪು ಪಾನೀಯ, ಪ್ಯಾಕೆಟ್ ತಿಂಡಿಗಳು ಹಳ್ಳಿ ಹಳ್ಳಿಗೆ ನುಗ್ಗಿದವು. ಇಂದು ಅಲ್ಲಿನ ವಯಸ್ಕರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಮಂದಿಗೆ ಬೊಜ್ಜಿದೆ. ಅದೇ ದೇಶದ ಮೂಲನಿವಾಸಿಗಳ ಹಳ್ಳಿಗಳಲ್ಲಿ ಬೆಳವಣಿಗೆ ಕುಂಠಿತವಾದ ಮಕ್ಕಳೂ ಇದ್ದಾರೆ.

ಅಗ್ಗದ ಊಟ ದಪ್ಪ ಮಾಡುವುದೇಕೆ?

ಕಾರಣ ಸರಳ. ಸಕ್ಕರೆ, ಮೈದಾ, ತಾಳೆ ಎಣ್ಣೆ ಇವು ಜಗತ್ತಿನಲ್ಲಿ ಅತಿ ಅಗ್ಗಕ್ಕೆ ಸಿಗುವ ಶಕ್ತಿ. ಇವು ಕೆಡುವುದಿಲ್ಲ, ತಿಂಗಳುಗಟ್ಟಲೆ ಅಂಗಡಿಯಲ್ಲಿ ನೇತಾಡಿಕೊಂಡಿರಬಲ್ಲವು. ಮೀನು, ಸೊಪ್ಪು, ಹಣ್ಣು ಸಂಜೆಯೊಳಗೆ ಮಾರಾಟವಾಗಬೇಕು. ಐದು ರೂಪಾಯಿಗೆ ಒಂದು ಚಿಪ್ಸ್ ಪ್ಯಾಕೆಟ್ ಸಿಗುತ್ತದೆ. ಐದು ರೂಪಾಯಿಗೆ ಒಂದು ಮೊಟ್ಟೆ ಸಿಗುವುದೇ ಕಷ್ಟ. ಕೂಲಿಯಿಂದ ಬಂದು ಒಲೆ ಹಚ್ಚಬೇಕಾದ ತಾಯಿ ಅಳುವ ಮಗುವಿನ ಕೈಗೆ ಏನು ಕೊಟ್ಟಾಳು?

ಇದಲ್ಲದೆ ಇಂಥ ತಿಂಡಿಗಳು ನಮ್ಮ ದೇಹದ ‘ಸಾಕು’ ಎಂಬ ಮಾತನ್ನೇ ಮುಚ್ಚಿಹಾಕುತ್ತವೆ. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ಬಹಳ ಪ್ರಸಿದ್ಧವಾಗಿದೆ. ಇಪ್ಪತ್ತು ಮಂದಿಯನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯ ಅತಿ ಸಂಸ್ಕರಿತ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟರು. ಎರಡು ಊಟದಲ್ಲೂ ಬಡಿಸಿದ ಸಕ್ಕರೆ, ಕೊಬ್ಬು, ಉಪ್ಪು, ನಾರು ಹೆಚ್ಚು ಕಡಿಮೆ ಒಂದೇ. ಬೇಕಾದಷ್ಟು ತಿನ್ನಿ ಎಂದು ಹೇಳಲಾಗಿತ್ತು. ಕಾರ್ಖಾನೆಯ ಆಹಾರ ಕೊಟ್ಟಾಗ ಅವರು ತಮಗರಿವಿಲ್ಲದೆಯೇ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಎರಡೇ ವಾರದಲ್ಲಿ ಸುಮಾರು ಒಂದು ಕಿಲೋ ದಪ್ಪಗಾದರು. ಸಾದಾ ಅಡುಗೆಗೆ ಬಂದಾಗ ಅಷ್ಟೇ ಇಳಿದರು. ಅವರ ಮನಸ್ಸಿನ ಹಿಡಿತ ಎರಡು ವಾರದಲ್ಲಿ ಬದಲಾಗಿರಲಿಲ್ಲ. ಬದಲಾದದ್ದು ತಟ್ಟೆಯಲ್ಲಿದ್ದ ವಸ್ತು.

ಮೈಸೂರಿನ ಹಳೆಯ ದಾಖಲೆಗಳು

ಈಗ ಮೈಸೂರಿಗೆ ಬರೋಣ. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ಶ್ರದ್ಧೆಯಿಂದ ಬರೆದಿಟ್ಟಿದ್ದರು. ಅರ್ಧ ಶತಮಾನದ ನಂತರ ಈ ದಾಖಲೆಗಳು ವಿಜ್ಞಾನಕ್ಕೆ ದೊಡ್ಡ ನಿಧಿಯಾದವು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಇನ್ನೂ ಆ ಆಸುಪಾಸಿನಲ್ಲೇ ವಾಸವಾಗಿದ್ದ 517 ಮಂದಿಯನ್ನು ಸಂಶೋಧಕರು ಹುಡುಕಿ ಅವರ ಹೃದಯವನ್ನು ಪರೀಕ್ಷಿಸಿದರು. 1996ರಲ್ಲಿ ಫಲಿತಾಂಶ ಹೊರಬಂತು.

ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇ. 11 ಮಂದಿಗೆ ಹೃದಯದ ಕಾಯಿಲೆ ಇತ್ತು. 3.1 ಕಿಲೋಗಿಂತ ಹೆಚ್ಚು ತೂಗಿದವರಲ್ಲಿ ಶೇ. 3 ಮಂದಿಗೆ ಮಾತ್ರ. ಮಗುವೂ ಸಣ್ಣದು, ಗರ್ಭಿಣಿ ತಾಯಿಯ ತೂಕವೂ 45 ಕಿಲೋಗಿಂತ ಕಡಿಮೆ ಎಂಬಂಥವರಲ್ಲಿ ಐವರಲ್ಲಿ ಒಬ್ಬರಿಗೆ! ಅಂದರೆ ಸ್ವಾತಂತ್ರ್ಯಪೂರ್ವದಲ್ಲಿ ಒಬ್ಬ ತಾಯಿ ಅರೆಹೊಟ್ಟೆ ಉಂಡದ್ದರ ಫಲವನ್ನು ಅವಳ ಮಗ ಐವತ್ತು ವರ್ಷಗಳ ನಂತರ ಹೃದಯದಲ್ಲಿ ಹೊತ್ತಿದ್ದ.

ಇದು ಹೇಗಾಗುತ್ತದೆ? ಬ್ರಿಟನ್ನಿನ ಡಾ. ಡೇವಿಡ್ ಬಾರ್ಕರ್ 1980ರ ದಶಕದಲ್ಲಿ ಮುಂದಿಟ್ಟ ವಿವರಣೆ ಹೀಗಿದೆ. ಗರ್ಭದಲ್ಲಿ ಆಹಾರ ಕಡಿಮೆಯಾದರೆ ಶಿಶು ಇದ್ದುದರಲ್ಲಿ ಮೆದುಳನ್ನು ಉಳಿಸಿಕೊಳ್ಳುತ್ತದೆ. ಸ್ನಾಯು, ಮೂತ್ರಪಿಂಡ, ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿ ಇವುಗಳಿಗೆ ಸಿಗಬೇಕಾದ ಪಾಲು ಕಡಿಮೆಯಾಗುತ್ತದೆ. ಮುಂದೆಯೂ ಬರಗಾಲವೇ ಇರುತ್ತದೆಂದು ನಂಬಿದಂತೆ ದೇಹ ಸಿಕ್ಕಿದ್ದನ್ನು ಕೊಬ್ಬಾಗಿ ಕೂಡಿಡಲು ಕಲಿಯುತ್ತದೆ. ಬದುಕಿನುದ್ದಕ್ಕೂ ಗಂಜಿಯೇ ಸಿಕ್ಕಿದ್ದರೆ ಆ ಜಾಣತನ ಉಪಯೋಗಕ್ಕೆ ಬರುತ್ತಿತ್ತು. ಆದರೆ ಮುಂದೆ ಪರೋಟ, ಕೂಲ್ ಡ್ರಿಂಕ್ಸ್, ಕುಳಿತು ಮಾಡುವ ಕೆಲಸ ಸಿಕ್ಕಿದಾಗ ಅದೇ ಜಾಣತನ ಶತ್ರುವಾಗುತ್ತದೆ. 1944–45ರ ಚಳಿಗಾಲದಲ್ಲಿ ಜರ್ಮನ್ ಸೇನೆ ಆಹಾರ ತಡೆದಾಗ ಹಾಲೆಂಡಿನಲ್ಲಿ ಗರ್ಭದಲ್ಲಿದ್ದ ಶಿಶುಗಳ ಮೇಲೆ ನಡೆದ ಅಧ್ಯಯನಗಳೂ ಇದನ್ನು ಸಮರ್ಥಿಸಿವೆ.

ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಇದನ್ನು ಇನ್ನಷ್ಟು ಮುಂದಕ್ಕೆ ಕೊಂಡೊಯ್ದರು. ಪುಣೆಯ ಸುತ್ತಲಿನ ಹಳ್ಳಿಗಳ ಶಿಶುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳದು 3.5 ಕಿಲೋ. ಭಾರತದ ಶಿಶುವಿನ ಸ್ನಾಯು ಬಹಳ ಕಡಿಮೆ, ಆದರೆ ಕೊಬ್ಬು ಅಷ್ಟು ಕಡಿಮೆಯಿರಲಿಲ್ಲ. ನೋಡಲು ಸಣಕಲು, ಒಳಗೆ ಕೊಬ್ಬು! 2004ರಲ್ಲಿ ಅವರು ತಮ್ಮದೇ ಫೋಟೋವನ್ನು ಲಂಡನ್ನಿನ ಪ್ರೊ. ಜಾನ್ ಯುಡ್ಕಿನ್ ಅವರ ಫೋಟೋದ ಜತೆ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ ಒಂದೇ, 22.3. ಆದರೆ ಯುಡ್ಕಿನ್ ಅವರ ದೇಹದಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ದೇಹದಲ್ಲಿ ಶೇ. 21.2. ಭಾರತೀಯರಿಗೆ ಬೇರೆ ಅಳತೆ ಬೇಕೆನ್ನುವುದು ಇದಕ್ಕಾಗಿಯೇ.

ಹೀಗೆ ಹಸಿವು ಮತ್ತು ಬೊಜ್ಜು ಬೇರೆ ಬೇರೆ ರೋಗಗಳಲ್ಲ, ಒಂದೇ ಬಳ್ಳಿಯ ಎರಡು ಕಾಯಿಗಳು. ಬಳ್ಳಿಯ ಬೇರು ತಾಯಿಯ ತಟ್ಟೆಯಲ್ಲಿದೆ.

ನಮ್ಮ ನಾಡು, ನಮ್ಮ ಮನೆ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪುಟ ತಿರುವಿದರೆ ಎರಡೂ ಕಾಯಿಗಳು ಪಕ್ಕ ಪಕ್ಕದಲ್ಲೇ ಕಾಣುತ್ತವೆ. ಭಾರತದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.5 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 24 ಮಂದಿ ಅತಿ ತೂಕದವರು, ಶೇ. 18.7 ಮಂದಿ ತೀರಾ ಬಡಕಲು, ಶೇ. 57 ಮಂದಿಗೆ ರಕ್ತಹೀನತೆ. ಈ ಕೊನೆಯ ಎರಡು ಸಂಖ್ಯೆಗಳನ್ನು ಒಟ್ಟಿಗೆ ನೋಡಿ. ರಕ್ತಹೀನತೆ ಇರುವವರೆಲ್ಲ ಬಡಕಲಲ್ಲ. ಮೈ ತುಂಬಿದ ಎಷ್ಟೋ ಮಹಿಳೆಯರ ರಕ್ತ ಹಸಿದಿದೆ. ಕರ್ನಾಟಕದಲ್ಲಿ ಎತ್ತರ ಕುಂಠಿತವಾದ ಮಕ್ಕಳು ಸುಮಾರು ಶೇ. 35, ಅತಿ ತೂಕದ ಮಹಿಳೆಯರು ಸುಮಾರು ಶೇ. 30. ಇನ್ನು ಸಕ್ಕರೆ ಕಾಯಿಲೆ ದೇಶದ 10 ಕೋಟಿಗೂ ಹೆಚ್ಚು ಜನರಿಗಿದೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಅಧ್ಯಯನ 2023ರಲ್ಲಿ ತಿಳಿಸಿತು.

ಹಸಿರು ಕ್ರಾಂತಿ ನಮ್ಮನ್ನು ಕ್ಷಾಮದಿಂದ ಪಾರುಮಾಡಿದ್ದು ನಿಜ. ಅದರ ಉಪಕಾರವನ್ನು ಮರೆಯಬಾರದು. ಆದರೆ ಅಕ್ಕಿ, ಗೋಧಿ ಬೆಳೆದಂತೆ ಬೇಳೆಕಾಳು ಬೆಳೆಯಲಿಲ್ಲ. 1961ರಲ್ಲಿ ಒಬ್ಬರಿಗೆ ದಿನಕ್ಕೆ ಸುಮಾರು 69 ಗ್ರಾಂ ಬೇಳೆಕಾಳು ಲಭ್ಯವಿದ್ದರೆ 2001ರ ಹೊತ್ತಿಗೆ ಅದು ಸುಮಾರು 30 ಗ್ರಾಂಗೆ ಇಳಿದಿತ್ತು. ಆಮೇಲೆ ಸ್ವಲ್ಪ ಚೇತರಿಸಿದರೂ ಹಳೆಯ ಮಟ್ಟ ಮುಟ್ಟಿಲ್ಲ. ಅಡುಗೆ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಪಾಲು ಹೊರದೇಶದಿಂದ ಬರುತ್ತಿದೆ, ಅದರಲ್ಲಿ ತಾಳೆ ಎಣ್ಣೆಯೇ ಜಾಸ್ತಿ.

ನಮ್ಮ ಕರಾವಳಿಯ ಹಿರಿಯರನ್ನು ಕೇಳಿದರೆ ಆಟಿ ತಿಂಗಳ ಕಷ್ಟ ಹೇಳುತ್ತಾರೆ. ಮಳೆ ಬಿಡದು, ಕಡಲಿಗೆ ಇಳಿಯುವಂತಿಲ್ಲ, ಗದ್ದೆಯ ಫಸಲು ಬಂದಿಲ್ಲ, ಕಣಜ ಖಾಲಿ. ಆಗ ಹೊಟ್ಟೆ ತುಂಬಿಸಿದ್ದು ತಜಂಕಿನ ಸೊಪ್ಪು, ಕೆಸುವಿನ ಎಲೆಯ ಪತ್ರೊಡೆ, ಕಣಿಲೆ, ಹಲಸಿನ ಬೀಜ, ಒಣಮೀನು. ಇಂದು ಅವನ್ನೇ ‘ಆಟಿಡೊಂಜಿ ದಿನ’ ಎಂದು ವೇದಿಕೆ ಕಟ್ಟಿ, ವರ್ಷಕ್ಕೊಮ್ಮೆ ಚಪ್ಪರಿಸಿ ತಿನ್ನುತ್ತೇವೆ. ಆ ಕಾಲವೇ ಚೆನ್ನಾಗಿತ್ತು ಎಂದು ನಾವು ಹೇಳುವುದಿಲ್ಲ. ಅದು ಹಸಿವಿನ ಕಾಲ. ಅಂದಿನ ತಾಯಂದಿರು ಪಟ್ಟ ಪಾಡನ್ನು ರಮ್ಯವಾಗಿ ವರ್ಣಿಸುವುದು ತಪ್ಪು. ಆದರೆ ಹಸಿವು ಹೋದಾಗ ಅದರ ಜತೆಗೆ ಸೊಪ್ಪು, ಕಾಳು, ಕುಚ್ಚಲಕ್ಕಿಯೂ ತಟ್ಟೆಯಿಂದ ಹೋದವು. ಆ ಜಾಗಕ್ಕೆ ಬೆಳ್ತಿಗೆ ಅಕ್ಕಿ, ಬೇಕರಿ ತಿಂಡಿ, ಬಾಟಲಿ ಪಾನೀಯ ಬಂದು ಕುಳಿತವು. ಗದ್ದೆಯಲ್ಲಿ ಬಗ್ಗುತ್ತಿದ್ದ ಬೆನ್ನು ಕುರ್ಚಿಗೆ ಒರಗಿತು. ಹಿರಿಯರ ಹಸಿವಿನಿಂದ ಉಳಿತಾಯ ಕಲಿತ ದೇಹ ಮಾತ್ರ ಅದೇ ಉಳಿಯಿತು.

ಬದಲಾಗದ ಇನ್ನೊಂದು ಸಂಗತಿಯೂ ಇದೆ. ಎಷ್ಟೋ ಮನೆಗಳಲ್ಲಿ ಇಂದಿಗೂ ಕೊನೆಗೆ ಉಣ್ಣುವವಳು ಮನೆಯ ಹೆಂಗಸು. ಮೀನಿನ ದೊಡ್ಡ ತುಂಡು ಗಂಡಸರಿಗೆ, ನಡುವಿನದು ಮಕ್ಕಳಿಗೆ, ಅವಳಿಗೆ ಗಸಿ ಮತ್ತು ಅನ್ನ. ನಿನ್ನೆಯ ಅನ್ನ ಚೆಲ್ಲಬಾರದೆಂದು ತಿನ್ನುವವಳೂ ಅವಳೇ. ಹೀಗೆ ಅವಳಿಗೆ ಪಿಷ್ಟ ಹೆಚ್ಚು, ಪ್ರೋಟೀನ್ ಕಡಿಮೆ. ಅವಳು ದಪ್ಪಗಾಗುತ್ತಾಳೆ, ಅವಳ ರಕ್ತ ತೆಳ್ಳಗಾಗುತ್ತದೆ. ಮುಂದಿನ ಮಗು ಸಣ್ಣದಾಗಿ ಹುಟ್ಟುತ್ತದೆ.

ದೇಶಗಳು ಏನು ಮಾಡಿವೆ?

ದಾರಿಗಳೇ ಇಲ್ಲವೆಂದಲ್ಲ. ಮೆಕ್ಸಿಕೋ 2014ರಲ್ಲಿ ಸಿಹಿ ಪಾನೀಯಗಳ ಮೇಲೆ ಲೀಟರಿಗೆ ಒಂದು ಪೆಸೋ ತೆರಿಗೆ ಹಾಕಿತು; ಮೊದಲ ವರ್ಷವೇ ಖರೀದಿ ಸರಾಸರಿ ಶೇ. 6ರಷ್ಟು ಇಳಿಯಿತು. ಚಿಲಿ ದೇಶ 2016ರಿಂದ ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರುವ ಪೊಟ್ಟಣಗಳ ಮುಂಭಾಗದಲ್ಲೇ ದೊಡ್ಡ ಕಪ್ಪು ಎಚ್ಚರಿಕೆಯ ಗುರುತು ಮುದ್ರಿಸುವಂತೆ ಮಾಡಿತು.

ಎರಡೂ ಸಮಸ್ಯೆಯನ್ನು ಒಟ್ಟಿಗೆ ಎದುರಿಸಿದ ಒಳ್ಳೆಯ ಉದಾಹರಣೆ ಬ್ರೆಜಿಲ್. ಅಲ್ಲಿ 2009ರ ಕಾನೂನಿನಂತೆ ಶಾಲೆಯ ಊಟಕ್ಕೆ ಕೇಂದ್ರ ಸರ್ಕಾರ ಕೊಡುವ ಹಣದ ಕನಿಷ್ಠ ಶೇ. 30ನ್ನು ಸಣ್ಣ ರೈತರಿಂದ ಆಹಾರ ಕೊಳ್ಳಲು ಬಳಸಬೇಕಿತ್ತು. ಮಗುವಿಗೆ ತಾಜಾ ಊಟ, ರೈತನಿಗೆ ಖಾತರಿಯ ಗಿರಾಕಿ. 2014ರಲ್ಲಿ ಬ್ರೆಜಿಲ್ ವಿಶ್ವಸಂಸ್ಥೆಯ ಹಸಿವಿನ ನಕ್ಷೆಯಿಂದ ಹೊರಬಂತು. ನಂತರ ಯೋಜನೆಗಳು ಸೊರಗಿದಾಗ ಮತ್ತೆ ಒಳಗೆ ಬಿತ್ತು. 2025ರಲ್ಲಿ ಪುನಃ ಹೊರಬಂತು. ಒಮ್ಮೆ ಗೆದ್ದರೆ ಮುಗಿಯಿತು ಎನ್ನುವಂತಿಲ್ಲ ಎಂಬ ಪಾಠ ಇದರಲ್ಲಿದೆ.

ನಮ್ಮಲ್ಲಿಯೂ ಒಳ್ಳೆಯ ಕೆಲಸ ನಡೆದಿದೆ. 2002ರಲ್ಲಿ ಕರ್ನಾಟಕದಲ್ಲಿ ಆರಂಭವಾದ ‘ಅಕ್ಷರ ದಾಸೋಹ’ದ ಬಿಸಿಯೂಟಕ್ಕೆ ಈಚೆಗೆ ಮೊಟ್ಟೆ ಸೇರಿದೆ, 2024ರಲ್ಲಿ ಅದನ್ನು ವಾರಕ್ಕೆ ಆರು ದಿನಕ್ಕೆ ವಿಸ್ತರಿಸಲಾಯಿತು. ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಊಟ ಕೊಡುವ ‘ಮಾತೃಪೂರ್ಣ’ ಯೋಜನೆ 2017ರಲ್ಲಿ ಶುರುವಾಯಿತು. ಮೈಸೂರಿನ ದಾಖಲೆಗಳನ್ನು ನೆನಪಿಸಿಕೊಂಡರೆ ಇಂಥ ಯೋಜನೆ ಇಂದಿನ ಹಸಿವಿಗೆ ಮಾತ್ರವಲ್ಲ, ನಲವತ್ತು ವರ್ಷಗಳ ನಂತರದ ಸಕ್ಕರೆ ಕಾಯಿಲೆಗೂ ಮದ್ದು ಎಂಬುದು ತಿಳಿಯುತ್ತದೆ.

ನಾವೇನು ಮಾಡಬಹುದು?

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದರು ನಮ್ಮ ಹಿರಿಯರು. ಮಾತು ಸತ್ಯ, ಆದರೆ ಅರ್ಧ ಸತ್ಯ. ಊಟ ಬಲ್ಲವನಾದರೂ ಕೊಳ್ಳಬಲ್ಲವನಾಗಬೇಕಲ್ಲ? ಆದ್ದರಿಂದ ರೇಷನ್ ಅಂಗಡಿಯಲ್ಲಿ ಅಕ್ಕಿಯ ಜತೆ ಬೇಳೆ, ಶಾಲೆಯಲ್ಲಿ ಮೊಟ್ಟೆ, ಕೂಲಿಗೆ ತಕ್ಕ ಸಂಬಳ ಇವನ್ನು ಕೇಳುವುದೂ ಆರೋಗ್ಯದ ಕೆಲಸವೇ.

ಮನೆಯೊಳಗೆ ನಾವು ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ಮನೆಯ ಹೆಂಗಸರು, ಹೆಣ್ಣುಮಕ್ಕಳು ಎಲ್ಲರ ಜತೆಗೇ ಕುಳಿತು ಉಣ್ಣಲಿ, ಮೀನಿನ ತುಂಡು ಅವರ ತಟ್ಟೆಗೂ ಬೀಳಲಿ. ಬಂಗುಡೆ, ಬೂತಾಯಿ, ಹುರುಳಿ, ಹೆಸರು, ಬಸಳೆ, ನುಗ್ಗೆಸೊಪ್ಪು ಇವು ದುಬಾರಿ ಪುಡಿಗಳ ಡಬ್ಬಿಗಿಂತ ಕಡಿಮೆಯೇನಲ್ಲ. ಸಣ್ಣದಾಗಿ ಹುಟ್ಟಿದ ಮಗುವನ್ನು ಬಿಸ್ಕತ್ತು, ಚಾಕಲೇಟು ಕೊಟ್ಟು ದಪ್ಪ ಮಾಡಲು ಹೊರಡುವುದು ಬೇಡ. ಬಾಲ್ಯದಲ್ಲಿ ಬಡಕಲಾಗಿದ್ದು, ಎರಡು ವರ್ಷದ ನಂತರ ಬೇಗ ಬೇಗ ದಪ್ಪಗಾದ ಮಕ್ಕಳಿಗೆ ಯೌವನದಲ್ಲೇ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚು ಎಂದು 2004ರಲ್ಲಿ ಪ್ರಕಟವಾದ ದೆಹಲಿಯ ಅಧ್ಯಯನ ಎಚ್ಚರಿಸಿದೆ. ಇಂಥ ಮಗುವಿಗೆ ಬೇಕಾದದ್ದು ತಾಯಿಯ ಹಾಲು, ನಂತರ ಕಾಳು, ಮೊಟ್ಟೆ, ಸೊಪ್ಪು ಮತ್ತು ಆಡಲು ಅಂಗಳ. ಮದುವೆ, ಹಬ್ಬದ ಊಟದಲ್ಲಿ ಬೇಕಾದಷ್ಟೇ ಬಡಿಸಿಕೊಂಡರೆ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಕೊನೆಯದಾಗಿ, ದಪ್ಪಗಿರುವವರನ್ನು ಗೇಲಿ ಮಾಡುವುದನ್ನು ನಿಲ್ಲಿಸೋಣ. ಬಡಕಲು ದೇಹ ಕಂಡರೆ ನಮಗೆ ಕರುಣೆ, ದಪ್ಪ ದೇಹ ಕಂಡರೆ ನಗು. ಆದರೆ ಆ ದಪ್ಪ ದೇಹದೊಳಗೆ ಅವರ ತಾಯಿಯ ಹಸಿವೂ, ಅಜ್ಜಿಯ ಆಟಿ ತಿಂಗಳೂ ಇರಬಹುದು. ಹಸಿದವನಿಗೆ ಅನ್ನ ಕೊಡಬೇಕೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅನ್ನದ ಜತೆಗೆ ಇನ್ನೇನು ಕೊಟ್ಟೆವು, ಯಾರಿಗೆ ಮೊದಲು ಬಡಿಸಿದೆವು ಎಂಬುದನ್ನೂ ಇನ್ನು ಮುಂದೆ ಕೇಳಿಕೊಳ್ಳಬೇಕಾಗಿದೆ. ಇಂದು ರಾತ್ರಿಯ ಊಟಕ್ಕೆ ಕುಳಿತಾಗ ಮನೆಯಲ್ಲಿ ಕೊನೆಗೆ ಉಣ್ಣುವವರ ತಟ್ಟೆಯಲ್ಲಿ ಏನು ಉಳಿದಿದೆ ಎಂದು ಒಮ್ಮೆ ನೋಡೋಣ.